ನೀ-ಪ್ಯಾಡ್ (ಶಿಲಾರೋಹಣ)

ನೀ-ಪ್ಯಾಡ್ ಎಂಬುದು ಶಿಲಾರೋಹಣದಲ್ಲಿ ಆರೋಹಿಗಳು ಮಂಡಿಯ ಮೇಲುಭಾಗಕ್ಕೆ ತೊಡುವ, ಹೊರಮೈಗೆ ಅಂಟುಗುಣದ ರಬ್ಬರನ್ನು ಹೊದಿಸಿದ ಒಂದು ಬಗೆಯ ಪಟ್ಟಿ. ಬಂಡೆಯ ಎದುರುಬದುರಾದ ಎರಡು ಮೈಗಳ ನಡುವೆ ಪಾದವನ್ನೂ ತೊಡೆಯನ್ನೂ ಒತ್ತಿ ದೇಹದ ಭಾರವನ್ನು ಕಾಲಿನ ಮೇಲೆ ಹೊರುವ ನೀ-ಬಾರ್ ಎಂಬ ತಂತ್ರದಲ್ಲಿ ಇದನ್ನು ಬಳಸಲಾಗುತ್ತದೆ. ವಾಲಿಬಾಲ್ ಆಟಗಾರರು ಅಥವಾ ನೆಲಹಾಸು ಕೂರಿಸುವ ಕೆಲಸಗಾರರು ತೊಡುವ ನೀ-ಪ್ಯಾಡುಗಳ ಉದ್ದೇಶ ಪೆಟ್ಟು ತಡೆಯುವುದು. ಶಿಲಾರೋಹಣದ ನೀ-ಪ್ಯಾಡಿನ ಮುಖ್ಯ ಉದ್ದೇಶ ಬಂಡೆಗೂ ಕಾಲಿಗೂ ನಡುವೆ ಘರ್ಷಣೆಯನ್ನು ಹೆಚ್ಚಿಸುವುದು. ಚರ್ಮದ ರಕ್ಷಣೆ ಅದರ ಎರಡನೆಯ ಪ್ರಯೋಜನ.

ಹೆಸರಿನಲ್ಲಿ ಮಂಡಿ ಇದ್ದರೂ ಈ ಸಾಧನ ಕೆಲಸ ಮಾಡುವ ಜಾಗ ಮಂಡಿಚಿಪ್ಪಲ್ಲ, ಅದಕ್ಕಿಂತ ತುಸು ಮೇಲಿರುವ ತೊಡೆಯ ಕೆಳಭಾಗ. ಹೊಸಬರು ಮಾಡುವ ಹೆಚ್ಚಿನ ತಪ್ಪುಗಳಿಗೆ ಈ ಒಂದು ಸಂಗತಿಯನ್ನು ಗಮನಿಸದಿರುವುದೇ ಮೂಲ. ಎಷ್ಟೇ ಉತ್ತಮವಾದ ರಬ್ಬರಿದ್ದರೂ ಪ್ಯಾಡು ತೊಡೆಯ ಮೇಲೆ ಜಾರಿದರೆ ಅದರಿಂದ ಉಪಯೋಗವಿಲ್ಲ. ಆದುದರಿಂದ ನೀ-ಪ್ಯಾಡಿನ ಆಯ್ಕೆಯಲ್ಲಿ ದಪ್ಪಕ್ಕಿಂತಲೂ ಬೆಲೆಗಿಂತಲೂ ಅಳತೆ ಮತ್ತು ಕಟ್ಟುವ ಕ್ರಮ ಹೆಚ್ಚು ಮುಖ್ಯವೆನಿಸುತ್ತವೆ.

ನೀ-ಬಾರ್ ತಂತ್ರ

ಬಿರುಗಾಳಿಗೆ ವಾಲಿದ ಬಾಳೆಗಿಡಕ್ಕೆ ಕೊಡುವ ಊರುಗೋಲು ಒಂದು ತುದಿಯಲ್ಲಿ ನೆಲವನ್ನೂ ಇನ್ನೊಂದು ತುದಿಯಲ್ಲಿ ಗಿಡವನ್ನೂ ಒತ್ತಿ ನಿಲ್ಲುತ್ತದೆ. ನೀ-ಬಾರಿನಲ್ಲಿ ಆರೋಹಿಯ ಮೊಣಕಾಲಿನ ಕೆಳಗಿನ ಎಲುಬು ಇಂಥದೇ ಊರುಗೋಲಾಗುತ್ತದೆ. ಪಾದದ ಮುಂಭಾಗವನ್ನು ಒಂದು ಅಂಚಿನ ಮೇಲೆ ಊರಿ, ಮಂಡಿಯನ್ನು ಅದರ ಎದುರಿನ ಚಾಚು ಅಥವಾ ಕೊರಕಲಿನ ಅಡಿಗೆ ಸೇರಿಸಿ, ಹಿಮ್ಮಡಿಯನ್ನು ಎತ್ತಿದಾಗ ಮೀನಖಂಡದ ಸ್ನಾಯು ಬಿಗಿದು ತೊಡೆ ಬಂಡೆಗೆ ಒತ್ತಿಕೊಳ್ಳುತ್ತದೆ. ಒತ್ತಡ ಸಾಕಷ್ಟಿದ್ದರೆ ಆರೋಹಿ ಒಂದು ಕೈಯನ್ನು, ಕೆಲವೊಮ್ಮೆ ಎರಡೂ ಕೈಗಳನ್ನು ಬಿಟ್ಟು ಮುಂಗೈಗಳಿಗೆ ವಿಶ್ರಾಂತಿ ಕೊಡಬಹುದು. ಹೊರಕ್ಕೆ ಬಾಗಿದ ಬಂಡೆಗಳಲ್ಲಿ ಕೈಗಳೇ ಮೊದಲು ಸೋಲುವುದರಿಂದ ಇಂಥ ವಿಶ್ರಾಂತಿಯ ಬೆಲೆ ದೊಡ್ಡದು.

ಎರಡು ಮೈಗಳ ನಡುವಣ ಅಂತರವು ಆರೋಹಿಯ ಕಾಲ್ಬೆರಳಿನಿಂದ ಮಂಡಿಯವರೆಗಿನ ಉದ್ದಕ್ಕೆ ಹೆಚ್ಚುಕಡಿಮೆ ಸರಿಹೊಂದಬೇಕು. ಹಿಮ್ಮಡಿಯನ್ನು ಮೇಲೆ ಕೆಳಗೆ ಮಾಡಿ ಅಲ್ಪಸ್ವಲ್ಪ ವ್ಯತ್ಯಾಸವನ್ನು ಸರಿದೂಗಿಸಬಹುದಾದರೂ ಅದಕ್ಕೊಂದು ಮಿತಿಯಿದೆ. ಹೀಗಾಗಿ ಒಬ್ಬರಿಗೆ ಸುಖವಾದ ವಿಶ್ರಾಂತಿಯ ಜಾಗ ಇನ್ನೊಬ್ಬರಿಗೆ ದಕ್ಕದಿರಬಹುದು. ಪ್ಯಾಡಿನ ದಪ್ಪವೂ ಈ ಅಂತರದ ಒಂದು ಪಾಲನ್ನು ತುಂಬುತ್ತದೆ ಎಂಬುದನ್ನು ಆಯ್ಕೆಯ ವೇಳೆ ನೆನಪಿಡಬೇಕು.

ನೀ-ಬಾರಿಗೆ ಅನುಕೂಲವಾದ ರಚನೆಗಳು ಸುಣ್ಣಕಲ್ಲಿನ ಗುಹೆಗಳಲ್ಲಿ ಹೆಚ್ಚು. ಜಿನುಗುವ ನೀರಿನಿಂದ ಶತಮಾನಗಳ ಅವಧಿಯಲ್ಲಿ ಗೋಡೆಯ ಮೇಲೆ ಬೆಳೆದ ಕಂಬದಂಥ ಉಬ್ಬುಗಳು, ಮುರಿದ ಚೌಕದ ಕಲ್ಲುಗಳು, ಚಾವಣಿಯ ಚಾಚುಗಳು ಇದಕ್ಕೆ ಒದಗುತ್ತವೆ. ಅಮೆರಿಕದ ಕೊಲೊರಾಡೊ ರಾಜ್ಯದ ರೈಫಲ್ ಕಣಿವೆ ಈ ತಂತ್ರಕ್ಕೆ ಹೆಸರಾದ ತಾಣ.

ಇತಿಹಾಸ

ನೀ-ಬಾರ್ ತಂತ್ರವು ಪ್ಯಾಡಿಗಿಂತ ಹಳೆಯದು. ಮೊದಲಿಗೆ ಆರೋಹಿಗಳು ಬರಿಯ ಚರ್ಮದಿಂದ, ಇಲ್ಲವೇ ದಪ್ಪನೆಯ ಪ್ಯಾಂಟು ತೊಟ್ಟು ಇದನ್ನು ಮಾಡುತ್ತಿದ್ದರು. ಇದರಿಂದ ತೊಡೆ ತರಚಿ ಗಾಯವಾಗುತ್ತಿತ್ತು. ಹೆಚ್ಚು ಹೊತ್ತು ನಿಲ್ಲುವುದೂ ಸಾಧ್ಯವಿರಲಿಲ್ಲ.

1980ರ ದಶಕದಲ್ಲಿ ಶಿಲಾರೋಹಣದ ಬೂಟುಗಳಿಗೆ ಅಂಟುಗುಣದ ರಬ್ಬರು ಬಂದುದು ಮಹತ್ವದ ತಿರುವು. ಚಾರ್ಲ್ಸ್ ಕೋಲ್ ಅವರು 1985ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದ ಫೈವ್ ಟೆನ್ ಸಂಸ್ಥೆಯ ಸ್ಟೆಲ್ತ್ ರಬ್ಬರು ಇವುಗಳಲ್ಲೊಂದು. ಬೂಟಿನ ಅಟ್ಟೆಗೆ ಹಿಡಿತ ಕೊಡುವ ಇದೇ ರಬ್ಬರಿನ ತುಂಡನ್ನು ಔಷಧದಂಗಡಿಯಲ್ಲಿ ಸಿಗುವ ನಿಯೋಪ್ರೀನ್ ಮಂಡಿಚೀಲಕ್ಕೆ ಅಂಟಿಸಿ ಆರೋಹಿಗಳು ತಾವೇ ಪ್ಯಾಡುಗಳನ್ನು ತಯಾರಿಸಿಕೊಳ್ಳತೊಡಗಿದರು. ಮುಂದೆ ಫೈವ್ ಟೆನ್ ತಾನೇ ನೀ-ಪ್ಯಾಡನ್ನು ಮಾರುಕಟ್ಟೆಗೆ ತಂದಿತು. ಈಗ ಸೆಂಡ್, ಲಾ ಸ್ಪೋರ್ಟಿವಾ ಮೊದಲಾದ ತಯಾರಕರ ಪ್ಯಾಡುಗಳು ದೊರೆಯುತ್ತವೆ. ಹಾಗಿದ್ದರೂ ಮನೆಯಲ್ಲಿ ತಯಾರಿಸುವ ರೂಢಿ ನಿಂತಿಲ್ಲ.

ವಿಧಗಳು

ಬಳಕೆಯಲ್ಲಿರುವ ಪ್ಯಾಡುಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

1. ಚೀಲದ ಮಾದರಿ: ಕಾಲ್ಚೀಲದಂತೆ ಪಾದದಿಂದ ಮೇಲಕ್ಕೆ ಎಳೆದು ತೊಡುವಂಥದು. ನಿಯೋಪ್ರೀನ್ ಅಥವಾ ಹಿಗ್ಗುವ ಬಟ್ಟೆಯ ಕೊಳವೆಗೆ ಮುಂಭಾಗದಲ್ಲಿ ರಬ್ಬರು ಹೊದಿಸಿರುತ್ತದೆ. ಹಗುರವಾದುದು, ತೊಡೆಗೆ ಸಮನಾಗಿ ಒತ್ತಿ ಕೂರುತ್ತದೆ. ಬೂಟು ಹಾಕುವ ಮೊದಲೇ ಇದನ್ನು ತೊಡಬೇಕು. ಅಳತೆ ತುಸು ತಪ್ಪಿದರೂ ಸರಿಪಡಿಸಲು ಅವಕಾಶ ಕಡಿಮೆ.

2. ಪಟ್ಟಿಯ ಮಾದರಿ: ತೊಡೆಯ ಸುತ್ತ ಸುತ್ತಿ ಬಕಲ್ ಅಥವಾ ವೆಲ್ಕ್ರೋ ಪಟ್ಟಿಗಳಿಂದ ಬಿಗಿಯುವಂಥದು. ಬೂಟು, ಹಾರ್ನೆಸ್ ತೊಟ್ಟ ಮೇಲೂ ಹಾಕಬಹುದು, ಸಡಿಲಿಸಬಹುದು. ಒಂದೇ ಪ್ಯಾಡನ್ನು ಬೇರೆ ಬೇರೆ ಗಾತ್ರದ ಕಾಲುಗಳಿಗೆ ಹೊಂದಿಸಬಹುದು. ಬಕಲ್‌ಗಳು ಬಂಡೆಗೆ ತಾಗದಂತೆ ನೋಡಿಕೊಳ್ಳಬೇಕು.

3. ಬಿರುಕು ಹತ್ತುವವರ ಪ್ಯಾಡು: ಮುಷ್ಟಿಗೆ ದೊಡ್ಡದಾದ, ಇಡೀ ದೇಹಕ್ಕೆ ಚಿಕ್ಕದಾದ ಅಗಲ ಬಿರುಕುಗಳಲ್ಲಿ ಮಂಡಿಯನ್ನೇ ತೂರಿಸಿ ಮೇಲೇರುವವರು ಬಳಸುವಂಥದು. ಇಲ್ಲಿ ಮುಖ್ಯವಾದುದು ಚರ್ಮದ ರಕ್ಷಣೆ. ತೆಳುವಾದ ಸ್ಪಂಜು ಉಳ್ಳ ಸಾಧಾರಣ ಕ್ರೀಡಾ ಪ್ಯಾಡುಗಳೂ ಸಾಕಾಗುತ್ತವೆ. ದಪ್ಪ ಪ್ಯಾಡು ಬಿರುಕಿನೊಳಗೆ ಹೋಗದೆ ಅಡ್ಡಿಯಾಗಬಹುದು.

ಈ ಲೇಖನದ ಮುಂದಿನ ಭಾಗಗಳು ಮೊದಲೆರಡು ಬಗೆಗಳಿಗೆ ಸಂಬಂಧಿಸಿದವು.

ಆಯ್ಕೆ

ಅಳತೆ

ಪ್ಯಾಡಿನ ಅಳತೆಯನ್ನು ನಿರ್ಧರಿಸುವುದು ಮಂಡಿಯ ಸುತ್ತಳತೆಯಲ್ಲ, ತೊಡೆಯ ಸುತ್ತಳತೆ. ಮಂಡಿಚಿಪ್ಪಿನ ಮೇಲಂಚಿನಿಂದ ಎಷ್ಟು ಮೇಲೆ ಅಳೆಯಬೇಕೆಂಬುದನ್ನು ತಯಾರಕರು ಸೂಚಿಸಿರುತ್ತಾರೆ. ಒಬ್ಬರ ಸೂಚನೆ ಇನ್ನೊಬ್ಬರದರಂತೆ ಇರುವುದಿಲ್ಲವಾದ್ದರಿಂದ ಒಂದು ತಯಾರಿಕೆಯ ಅಳತೆಯನ್ನು ಮತ್ತೊಂದಕ್ಕೆ ಅನ್ವಯಿಸಬಾರದು. ದರ್ಜಿಯ ಟೇಪಿನಿಂದ, ನಿಂತ ಭಂಗಿಯಲ್ಲಿ, ತೊಡೆಯ ಸ್ನಾಯುವನ್ನು ತುಸು ಬಿಗಿಹಿಡಿದು ಅಳೆಯುವುದು ಸರಿ. ಎರಡೂ ಕಾಲುಗಳನ್ನು ಬೇರೆ ಬೇರೆಯಾಗಿ ಅಳೆಯಬೇಕು. ಎರಡರ ನಡುವೆ ವ್ಯತ್ಯಾಸವಿರುವುದು ಸಾಮಾನ್ಯ. ಅಳತೆ ಎರಡು ಗಾತ್ರಗಳ ನಡುವೆ ಬಂದಲ್ಲಿ ಚೀಲದ ಮಾದರಿಯಲ್ಲಿ ಚಿಕ್ಕದನ್ನು ಆರಿಸುವುದು ವಾಡಿಕೆ, ಏಕೆಂದರೆ ಬಟ್ಟೆ ಬಳಕೆಯಿಂದ ಹಿಗ್ಗುತ್ತದೆ. ಆದರೆ ತೊಟ್ಟು ಕೆಲವು ನಿಮಿಷ ಓಡಾಡಿದಾಗ ಪಾದ ಜುಮುಗುಟ್ಟಿದರೆ ಅದು ಚಿಕ್ಕದಾಯಿತೆಂದೇ ಅರ್ಥ.

ರಬ್ಬರು

ರಬ್ಬರಿನ ದಪ್ಪ ಕೆಲವೇ ಮಿಲಿಮೀಟರುಗಳಷ್ಟಿರುತ್ತದೆ. ತೆಳುವಾದ ರಬ್ಬರು ತೊಡೆಯ ದುಂಡಿಗೆ ಚೆನ್ನಾಗಿ ಬಾಗುತ್ತದೆ. ಬಂಡೆಯ ಆಕಾರ ಕಾಲಿಗೆ ತಿಳಿಯುತ್ತದೆ. ಆದರೆ ಚೂಪಾದ ಅಂಚು ನೋವು ಕೊಡುತ್ತದೆ, ಬೇಗ ಸವೆಯುತ್ತದೆ. ದಪ್ಪ ರಬ್ಬರು ನೋವನ್ನು ತಗ್ಗಿಸುತ್ತದೆ, ಬಾಳಿಕೆ ಬರುತ್ತದೆ. ಆದರೆ ಬಾಗದೆ ಪ್ಯಾಡನ್ನೇ ಸುತ್ತ ತಿರುಗಿಸಿಬಿಡಬಹುದು. ಗಿಡ್ಡ ಕಾಲಿನವರಿಗೆ ದಪ್ಪ ಪ್ಯಾಡಿನಿಂದ ಅಗಲ ಅಂತರಗಳು ಕೈಗೂಡುತ್ತವೆ. ಉದ್ದ ಕಾಲಿನವರಿಗೆ ಅದೇ ದಪ್ಪದಿಂದ ಕಿರಿದಾದ ಜಾಗಗಳಲ್ಲಿ ಕಾಲು ತೂರದೆ ಹೋಗಬಹುದು.

ರಬ್ಬರಿನ ವಿಸ್ತಾರವೂ ಗಮನಾರ್ಹ. ಅದು ತೊಡೆಯ ಮುಂಭಾಗವನ್ನಷ್ಟೇ ಅಲ್ಲದೆ ಒಳಮಗ್ಗುಲನ್ನೂ ಹೊರಮಗ್ಗುಲನ್ನೂ ಸ್ವಲ್ಪ ಆವರಿಸಿರಬೇಕು. ಬಂಡೆಯ ಅಂಚು ಯಾವಾಗಲೂ ನೇರವಾಗಿ ಎದುರಿಗೆ ಸಿಗುವುದಿಲ್ಲ.

ಒಳಮೈ

ಹೊರಗಿನ ರಬ್ಬರಿನ ಬಗ್ಗೆ ವಹಿಸುವಷ್ಟೇ ಎಚ್ಚರವನ್ನು ಒಳಮೈಯ ಬಗ್ಗೆಯೂ ವಹಿಸಬೇಕು. ಚರ್ಮಕ್ಕೆ ಅಂಟಿದಂತಿರುವ ಒಳಮೈ ಜಾರುವುದಿಲ್ಲ. ನುಣುಪಾದ ಬಟ್ಟೆಯ ಒಳಮೈ ಬೆವರಿದೊಡನೆ ಜಾರುತ್ತದೆ. ನಿಯೋಪ್ರೀನಿನಿಂದ ಕೆಲವರ ಚರ್ಮಕ್ಕೆ ಅಲರ್ಜಿ ಉಂಟಾಗುತ್ತದೆ. ಅಂಥವರು ಬೇರೆ ವಸ್ತುವಿನ ಪ್ಯಾಡನ್ನು ಆರಿಸಿಕೊಳ್ಳುವುದು ಒಳಿತು.

ಒಂದೇ ಅಥವಾ ಜೋಡಿ

ನೀ-ಬಾರ್ ಸಾಮಾನ್ಯವಾಗಿ ಒಂದು ಕಾಲಿನಿಂದಲೇ ನಡೆಯುತ್ತದೆ. ಮೊದಲು ಒಂದನ್ನು ಕೊಂಡು ಅಭ್ಯಾಸ ಮಾಡಿದರೂ ಸಾಕು. ಆದರೆ ಕೆಲವು ಮಾದರಿಗಳು ಎಡಬಲ ಭೇದವುಳ್ಳವು.

ತೊಡುವ ಕ್ರಮ

ತೊಡೆ ಮೇಲಕ್ಕೆ ದಪ್ಪ, ಮಂಡಿಯ ಕಡೆಗೆ ಸಣ್ಣ. ನೀ-ಬಾರಿನಲ್ಲಿ ಸೊಂಟದ ಭಾರ ಕೆಳಕ್ಕೆ ಜಗ್ಗಿದಂತೆಲ್ಲ ಬಂಡೆಯು ಪ್ಯಾಡನ್ನು ಮಂಡಿಯ ಕಡೆಗೆ, ಅಂದರೆ ಕಾಲಿನ ಸಣ್ಣ ತುದಿಯ ಕಡೆಗೆ ತಳ್ಳುತ್ತದೆ. ಜಾರುವಿಕೆಗೆ ಕಾರಣ ಇದೇ. ಮುಂದಿನ ಕ್ರಮಗಳೆಲ್ಲ ಈ ಎಳೆತವನ್ನು ತಡೆಯುವ ಉಪಾಯಗಳು.

- ಚರ್ಮವನ್ನು ತೊಳೆದು ಒಣಗಿಸಬೇಕು. ಎಣ್ಣೆ, ಕ್ರೀಮು, ಬೆವರು ಇರಕೂಡದು.
- ಪ್ಯಾಡನ್ನು ಬರಿಯ ಚರ್ಮದ ಮೇಲೆ ತೊಡುವುದು ಉತ್ತಮ. ಪ್ಯಾಂಟಿನ ಮೇಲೆ ತೊಟ್ಟರೆ ಪ್ಯಾಡು ಜಾರದಿದ್ದರೂ ಪ್ಯಾಂಟೇ ಜಾರುತ್ತದೆ.
- ಪ್ಯಾಡನ್ನು ಬೇಕಾದುದಕ್ಕಿಂತ ತುಸು ಮೇಲಕ್ಕೆ ಎಳೆದುಕೊಳ್ಳಬೇಕು. ಭಾರ ಬಿದ್ದಾಗ ಅದು ಸ್ವಲ್ಪ ಇಳಿಯುವುದು ಖಚಿತ. ರಬ್ಬರಿನ ಕೆಳಂಚು ಮಂಡಿಚಿಪ್ಪನ್ನು ಮುಟ್ಟುವಂತಿದ್ದರೆ ಸಾಕು.
- ಕಾಲನ್ನು ಒಂದು ಕಲ್ಲಿನ ಮೇಲಿಟ್ಟು ಮಂಡಿಯನ್ನು ಮಡಚಿ ಪಟ್ಟಿಗಳನ್ನು ಬಿಗಿಯಬೇಕು. ಕಾಲು ಚಾಚಿ ಬಿಗಿದ ಪಟ್ಟಿ ಮಡಚಿದಾಗ ಕಚ್ಚುತ್ತದೆ ಇಲ್ಲವೇ ಸಡಿಲವಾಗುತ್ತದೆ.
- ಮೇಲಿನ ಪಟ್ಟಿಯೇ ಮುಖ್ಯ. ಅದನ್ನು ಹೆಚ್ಚು ಬಿಗಿಯಬೇಕು. ಕೆಳಗಿನದು ಪ್ಯಾಡು ಮಗುಚದಂತೆ ಹಿಡಿದರೆ ಸಾಕು.
- ಅಂಗೈಯನ್ನು ರಬ್ಬರಿನ ಮೇಲೆ ಊರಿ ಮಂಡಿಯ ಕಡೆಗೆ ಬಲವಾಗಿ ತಳ್ಳಿ ನೋಡಬೇಕು. ಚರ್ಮದೊಡನೆಯೇ ಪ್ಯಾಡು ಸರಿದರೆ ಸರಿ. ಚರ್ಮವನ್ನು ಬಿಟ್ಟು ಪ್ಯಾಡೊಂದೇ ಸರಿದರೆ ಮತ್ತೆ ಕಟ್ಟಬೇಕು.
- ಕೊನೆಯದಾಗಿ, ನೆಲಕ್ಕೆ ಹತ್ತಿರವಿರುವ ಒಂದು ಜಾಗದಲ್ಲಿ ನೀ-ಬಾರ್ ಹಾಕಿ ಪರೀಕ್ಷಿಸಿದ ಬಳಿಕವೇ ಮೇಲೇರಬೇಕು.

ಅಂಟು ಮತ್ತು ಟೇಪು

ಕಠಿಣ ಮಾರ್ಗಗಳಲ್ಲಿ ಕೆಲವರು ತೊಡೆಯ ಕೂದಲನ್ನು ತೆಗೆದು, ಕ್ರೀಡಾಪಟುಗಳ ಟೇಪು ಹಿಡಿಯಲೆಂದೇ ತಯಾರಾದ ಅಂಟಿನ ಸ್ಪ್ರೇ ಬಳಸುತ್ತಾರೆ. ಇದನ್ನು ಮೊದಲು ಚರ್ಮದ ಒಂದು ಸಣ್ಣ ಭಾಗದಲ್ಲಿ ಪ್ರಯೋಗಿಸಿ, ತುರಿಕೆಯಾಗಲಿ ಕೆಂಪಾಗಲಿ ಕಾಣದಿದ್ದರೆ ಮಾತ್ರ ಬಳಸಬೇಕು. ಮರಗೆಲಸದ ಅಥವಾ ಚಪ್ಪಲಿ ಹೊಲಿಯುವವರ ಅಂಟನ್ನು ಚರ್ಮಕ್ಕೆ ಎಂದಿಗೂ ಹಚ್ಚಬಾರದು.

ಪ್ಯಾಡಿನ ಮೇಲಂಚನ್ನು ಅರ್ಧ ಪ್ಯಾಡಿನ ಮೇಲೂ ಅರ್ಧ ಚರ್ಮದ ಮೇಲೂ ಬರುವಂತೆ ಬಟ್ಟೆಯ ಟೇಪಿನಿಂದ ಅಂಟಿಸುವುದೂ ಉಂಟು. ಟೇಪು ಹಿಗ್ಗುವುದಿಲ್ಲ, ತೊಡೆಯಾದರೋ ಶ್ರಮದಿಂದ ಉಬ್ಬುತ್ತದೆ. ಆದ್ದರಿಂದ ಟೇಪನ್ನು ಎಳೆದು ಬಿಗಿಯದೆ, ಸ್ನಾಯುವನ್ನು ಬಿಗಿಹಿಡಿದು ಮೃದುವಾಗಿ ಸುತ್ತಬೇಕು.

ಮನೆಯಲ್ಲಿ ತಯಾರಿಕೆ

ಇದಕ್ಕೆ ಬೇಕಾದವು ನಿಯೋಪ್ರೀನ್ ಮಂಡಿಚೀಲ, ಬೂಟಿನ ಅಟ್ಟೆ ಬದಲಿಸುವವರಲ್ಲಿ ಸಿಗುವ ಶಿಲಾರೋಹಣದ ರಬ್ಬರು ಹಾಳೆ, ರಬ್ಬರು ಅಂಟು ಮತ್ತು ಉಪ್ಪುಕಾಗದ. ರಬ್ಬರನ್ನು ಅಂಗೈಗಿಂತ ತುಸು ದೊಡ್ಡದಾಗಿ ಕತ್ತರಿಸಿ ಮೂಲೆಗಳನ್ನು ದುಂಡಾಗಿಸಬೇಕು. ಚೂಪು ಮೂಲೆಗಳೇ ಮೊದಲು ಕಿತ್ತುಬರುತ್ತವೆ. ಚೀಲವನ್ನು ತೊಡೆಯಷ್ಟು ದಪ್ಪನಾದ ಡಬ್ಬಿಗೋ ಬಾಟಲಿಗೋ ಏರಿಸಿ ಹಿಗ್ಗಿಸಿಟ್ಟು ಅಂಟಿಸುವುದು ಲೇಸು. ಹಿಗ್ಗಿಸದೆ ಅಂಟಿಸಿದರೆ ತೊಟ್ಟಾಗ ಬಟ್ಟೆ ಹಿಗ್ಗಿ ರಬ್ಬರಿನ ಅಂಚು ಬಿಡುತ್ತದೆ. ಎರಡೂ ಮೈಗಳನ್ನು ಉಪ್ಪುಕಾಗದದಿಂದ ಒರಟಾಗಿಸಿ, ಅಂಟನ್ನು ತೆಳುವಾಗಿ ಎರಡು ಬಾರಿ ಬಳಿದು, ಬೆರಳಿಗೆ ಮೆತ್ತದಷ್ಟು ಆರಿದ ಮೇಲೆ ಒತ್ತಿ ಕೂರಿಸಬೇಕು. ಒಂದು ದಿನದ ಮಟ್ಟಿಗಾದರೂ ಹಾಗೆಯೇ ಬಿಡಬೇಕು. ಅಂಟಿನ ಹಬೆ ಹಾನಿಕರ. ಗಾಳಿಯಾಡುವ ಕಡೆ, ಒಲೆ ದೀಪಗಳಿಂದ ದೂರದಲ್ಲಿ ಈ ಕೆಲಸ ಮಾಡಬೇಕು.

ಸುರಕ್ಷತೆ

ನೀ-ಪ್ಯಾಡು ಹಿಡಿತದ ಸಾಧನವೇ ಹೊರತು ರಕ್ಷಣೆಯ ಸಾಧನವಲ್ಲ. ಹಗ್ಗ, ಹಾರ್ನೆಸ್, ಹೆಲ್ಮೆಟ್‌ಗಳಿಗೆ ಅದು ಬದಲಿಯಾಗದು. ಕೈಗಳೆರಡನ್ನೂ ಬಿಟ್ಟಾಗ ನೀ-ಬಾರ್ ಕಳಚಿದರೆ ಆರೋಹಿ ಬೆನ್ನಡಿಯಾಗಿ ಅಥವಾ ತಲೆಕೆಳಗಾಗಿ ಬೀಳುವ ಸಂಭವವಿದೆ. ಆಗ ಹಗ್ಗ ಕಾಲಿನ ಹಿಂದೆ ಸಿಲುಕಿದ್ದರೆ ಅಪಾಯ ಇನ್ನೂ ಹೆಚ್ಚು. ಕೆಳಗೆ ಹಗ್ಗ ಹಿಡಿದವರು ಆರೋಹಿ ವಿಶ್ರಮಿಸುತ್ತಿದ್ದಾನೆಂದು ತಾವೂ ಮೈಮರೆಯಕೂಡದು. ಹಗ್ಗವಿಲ್ಲದೆ ಗುಂಡುಗಳನ್ನು ಹತ್ತುವವರು ಕೆಳಗಿನ ಹಾಸನ್ನು ಪಾದದ ನೇರಕ್ಕಲ್ಲ, ಬೆನ್ನು ಬೀಳುವ ಕಡೆಗೆ ಹಾಸಬೇಕು.

ಮಂಡಿ ಬಾಗಿಲಿನ ಕೀಲಿನಂತೆ ಮುಖ್ಯವಾಗಿ ಒಂದೇ ದಿಕ್ಕಿನಲ್ಲಿ ಮಡಚುವ ಅಂಗ. ತಿರುಚುವ ಬಲವನ್ನು ತಾಳುವ ಶಕ್ತಿ ಅದಕ್ಕೆ ಕಡಿಮೆ. ಕಾಲು ಸಿಲುಕಿರುವಾಗಲೇ ದೇಹ ಪಕ್ಕಕ್ಕೆ ತಿರುಗಿ ಬಿದ್ದರೆ ಅಸ್ಥಿರಜ್ಜುಗಳಿಗೆ ಪೆಟ್ಟಾಗಬಹುದು. ಪಾದ ಜಾರುತ್ತಿದೆ ಎನ್ನಿಸಿದ ಕ್ಷಣವೇ ಕೈಗಳನ್ನು ಹಿಡಿದು ಮಂಡಿಯನ್ನು ಬಿಡಿಸಿಕೊಳ್ಳುವುದನ್ನು ರೂಢಿಸಿಕೊಳ್ಳಬೇಕು. ಹಿಂದೆ ಮಂಡಿಗೆ ಗಾಯವಾದವರು ವೈದ್ಯರ ಸಲಹೆ ಪಡೆದ ಮೇಲೆಯೇ ಇದಕ್ಕೆ ತೊಡಗಬೇಕು.

ಬಿಗಿತದ ಅಪಾಯವನ್ನೂ ಉಪೇಕ್ಷಿಸಲಾಗದು. ಮಂಡಿಯ ಕೆಳಗೆ, ಹೊರಮಗ್ಗುಲಲ್ಲಿ, ಪಾದವನ್ನು ಮೇಲಕ್ಕೆತ್ತುವ ಸ್ನಾಯುಗಳಿಗೆ ಹೋಗುವ ನರವೊಂದು ಎಲುಬಿಗೆ ಅಂಟಿಕೊಂಡಂತೆ ಚರ್ಮದ ಸನಿಹದಲ್ಲೇ ಹಾದುಹೋಗುತ್ತದೆ. ಅಲ್ಲಿ ಪಟ್ಟಿಯನ್ನು ಬಿಗಿದರೆ ಪಾದದ ಮೇಲ್ಭಾಗ ಜೋಮು ಹಿಡಿಯಬಹುದು, ಪಾದ ಎತ್ತಲು ಬಲ ಸಾಲದೆ ಹೋಗಬಹುದು. ಇಂಥ ಲಕ್ಷಣ ಕಂಡರೆ ಕೂಡಲೇ ಪ್ಯಾಡನ್ನು ಕಳಚಬೇಕು. ಕಳಚಿದ ಮೇಲೂ ಅದು ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು. ಎರಡು ಪ್ರಯತ್ನಗಳ ನಡುವಿನ ಬಿಡುವಿನಲ್ಲಿ ಪಟ್ಟಿಗಳನ್ನು ಸಡಿಲಿಸುವುದು ಒಳ್ಳೆಯ ಅಭ್ಯಾಸ.

ಹೊಸಬರ ತೊಡೆಯಲ್ಲಿ ಕಂದುಗಟ್ಟುವುದು ಸಾಮಾನ್ಯ. ತೊಡೆಗಿಂತಲೂ ಮೀನಖಂಡ ಬೇಗ ದಣಿಯುವುದುಂಟು. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುವ ವ್ಯಾಯಾಮದಿಂದ ಇದಕ್ಕೆ ಬಲ ಬರುತ್ತದೆ.

ನಿರ್ವಹಣೆ

ಬಳಕೆಯ ನಂತರ ಪ್ಯಾಡನ್ನು ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಆರಿಸಬೇಕು. ಆಗಾಗ ತಣ್ಣೀರು ಮತ್ತು ಸೌಮ್ಯವಾದ ಸಾಬೂನಿನಿಂದ ಕೈಯಲ್ಲೇ ತೊಳೆಯಬೇಕು, ಹಿಂಡಬಾರದು. ರಬ್ಬರಿನ ಮೇಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಹೊಳಪೇರಿ ಹಿಡಿತ ಕಳೆದುಕೊಂಡ ರಬ್ಬರನ್ನು ನಯವಾದ ಉಪ್ಪುಕಾಗದದಿಂದ ಲಘುವಾಗಿ ಉಜ್ಜಿದರೆ ಮರಳಿ ಹಿಡಿಯುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಅಂಟು ಸಡಿಲಗೊಳ್ಳುತ್ತದೆ.

ಚರ್ಚೆ

ನೀ-ಪ್ಯಾಡಿನ ಬಳಕೆ ನ್ಯಾಯವೇ ಎಂಬ ಪ್ರಶ್ನೆ ಆರೋಹಿಗಳ ನಡುವೆ ಬಹುಕಾಲದಿಂದ ಇದೆ. ಪ್ಯಾಡಿಲ್ಲದೆ ಹತ್ತಿ ಕಾಠಿಣ್ಯದ ದರ್ಜೆ ನಿಗದಿಪಡಿಸಿದ ಮಾರ್ಗದಲ್ಲಿ ಮುಂದಿನವರು ಪ್ಯಾಡು ತೊಟ್ಟು ವಿಶ್ರಾಂತಿ ಪಡೆದರೆ ಆ ದರ್ಜೆ ಉಳಿಯುವುದೇ ಎಂಬುದು ಇದರ ತಿರುಳು. ನಾರ್ವೆಯ ಫ್ಲಾಟಾಂಗರ್ ಗುಹೆಯಲ್ಲಿ 2012ರಲ್ಲಿ ಚೆಕ್ ಆರೋಹಿ ಆಡಮ್ ಓಂದ್ರಾ ಮೊದಲು ಹತ್ತಿದ ಚೇಂಜ್ ಎಂಬ ಮಾರ್ಗವನ್ನು 2020ರಲ್ಲಿ ಇಟಲಿಯ ಸ್ಟೆಫಾನೊ ಗಿಸೋಲ್ಫಿ ಎರಡನೆಯವರಾಗಿ ಏರಿದಾಗ ನೀ-ಪ್ಯಾಡಿನ ನೆರವು ಪಡೆದಿದ್ದರು. ಓಂದ್ರಾ ಅವರೂ 2017ರಲ್ಲಿ ಅದೇ ಗುಹೆಯ ಸೈಲೆನ್ಸ್ ಎಂಬ ಮಾರ್ಗದಲ್ಲಿ ನೀ-ಪ್ಯಾಡು ತೊಟ್ಟಿದ್ದರು. ಮಂಡಿಯ ಬಲದಲ್ಲಿ ತಂಗಲು ಮೀನಖಂಡಕ್ಕೆಂದೇ ವಿಶೇಷ ವ್ಯಾಯಾಮ ನಡೆಸಿದ್ದರು. ಆ ಮಾರ್ಗಕ್ಕೆ ಅವರು ಸೂಚಿಸಿದ 9ಸಿ ದರ್ಜೆ ಅಲ್ಲಿಯವರೆಗೆ ಯಾವ ಮಾರ್ಗಕ್ಕೂ ಸಂದಿರಲಿಲ್ಲ.

ವಿರೋಧಿಸುವವರು ಪ್ಯಾಡು ಬಂಡೆಯ ಸವಾಲನ್ನು ತಗ್ಗಿಸುತ್ತದೆ ಎನ್ನುತ್ತಾರೆ. ಸಮರ್ಥಿಸುವವರು ಅಂಟುಗುಣದ ಬೂಟುಗಳನ್ನೂ, 1950ರ ದಶಕದಲ್ಲಿ ಅಮೆರಿಕದ ಜಾನ್ ಗಿಲ್ ಜಿಮ್ನಾಸ್ಟಿಕ್ಸ್‌ನಿಂದ ಶಿಲಾರೋಹಣಕ್ಕೆ ತಂದ ಚಾಕ್ ಪುಡಿಯನ್ನೂ ಉದಾಹರಿಸಿ, ಅವೂ ಒಂದು ಕಾಲಕ್ಕೆ ಹೊಸವೇ ಆಗಿದ್ದವು ಎನ್ನುತ್ತಾರೆ. ಏರಿದ ವಿವರವನ್ನು ದಾಖಲಿಸುವಾಗ ಪ್ಯಾಡು ಬಳಸಿದ್ದನ್ನೋ ಬಳಸದಿದ್ದುದನ್ನೋ ಪ್ರಾಮಾಣಿಕವಾಗಿ ತಿಳಿಸುವ ಪದ್ಧತಿ ಇಬ್ಬರಿಗೂ ಒಪ್ಪಿಗೆಯಾದದ್ದು.

ಕರ್ನಾಟಕದಲ್ಲಿ

ಕರ್ನಾಟಕದ ಪ್ರಮುಖ ಶಿಲಾರೋಹಣ ತಾಣಗಳಲ್ಲಿ ನೀ-ಪ್ಯಾಡಿನ ಅಗತ್ಯ ಬಂಡೆಯ ಸ್ವರೂಪವನ್ನು ಅವಲಂಬಿಸಿದೆ. ರಾಮನಗರ ಮತ್ತು ಸಾವನದುರ್ಗದ ಇಳಿಜಾರು ಮೈಗಳಲ್ಲಿ ಪಾದದ ಹಿಡಿತವೇ ಪ್ರಧಾನ. ಮಂಡಿ ಊರಲು ಎದುರು ಮೈಯೇ ಇರುವುದಿಲ್ಲ. ಹಂಪಿಯ ದುಂಡನೆಯ ಗ್ರಾನೈಟ್ ಗುಂಡುಗಳಲ್ಲಿಯೂ ಬಾದಾಮಿಯ ಕಡಿದಾದ ಮರಳುಗಲ್ಲಿನ ಗೋಡೆಗಳಲ್ಲಿಯೂ ಬೆರಳ ತುದಿಯ ಸಣ್ಣ ಹಿಡಿಗಳೇ ಹೆಚ್ಚು. ಗುಂಡುಗಳ ಅಡಿಯ ಚಾಚುಗಳಲ್ಲಿ, ಅಗಲ ಬಿರುಕುಗಳಲ್ಲಿ ಮಾತ್ರ ಪ್ಯಾಡು ಉಪಯೋಗಕ್ಕೆ ಬರುತ್ತದೆ. ನಗರಗಳ ಒಳಾಂಗಣ ಗೋಡೆಗಳಲ್ಲಿ ದೊಡ್ಡ ಮರದ ಉಬ್ಬುಗಳನ್ನು ಜೋಡಿಸಿರುವ ಕಡೆ ನೀ-ಬಾರ್ ಕಲಿಯಲು ಅನುಕೂಲವಿದೆ. ನೆಲಕ್ಕೆ ಹತ್ತಿರದಲ್ಲಿ, ಹಾಸಿನ ಮೇಲೆ, ಬಲ್ಲವರ ಸಮ್ಮುಖದಲ್ಲಿ ಅಭ್ಯಾಸ ಆರಂಭಿಸಿದರೆ, ತನ್ನ ಕಾಲಿಗೆ ಎಂಥ ಪ್ಯಾಡು ಹೊಂದುತ್ತದೆ ಎಂಬುದು ಕೊಳ್ಳುವ ಮೊದಲೇ ತಿಳಿಯುತ್ತದೆ.